ಗುಲ್ಮರ್ಗಕ್ಕೆ ಒಂದೇ ಬೋರ್ಡ್: ಬಳ್ಳಾರಿ ಕಡೆಯ ಪಳಗಿದ ರೈಡರ್‌ಗಳಿಗೆ ಪೌಡರ್ ಸ್ನೋಬೋರ್ಡ್ ಆಯ್ಕೆ

ಪೌಡರ್ ಬೋರ್ಡ್, ಅಂದರೆ ಆಗಷ್ಟೇ ಬಿದ್ದ ಆಳದ ಪುಡಿ ಹಿಮಕ್ಕೆ ಅಂತ ಮಾಡಿದ ಸ್ನೋಬೋರ್ಡ್ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಹಿಮ ಬೀಳುವ ಊರಿನವರು. ಮನೆಯಲ್ಲಿ ಮೂರ್ನಾಲ್ಕು ಬೋರ್ಡ್ ಇಟ್ಟುಕೊಂಡಿರುತ್ತಾರೆ. ರಾತ್ರಿ ಎಷ್ಟು ಬಿತ್ತು ಅಂತ ನೋಡಿ, ಅವತ್ತಿಗೆ ಯಾವುದು ಬೇಕೋ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ನಮ್ಮ ಲೆಕ್ಕವೇ ಬೇರೆ. ಬಳ್ಳಾರಿ, ತೋರಣಗಲ್ಲು, ಸಿರುಗುಪ್ಪ, ಗಂಗಾವತಿ ಕಡೆಯಿಂದ ಹೋಗುವವರು ತಿಂಗಳುಗಟ್ಟಲೆ ಮೊದಲೇ ರಜೆ ಕೇಳಬೇಕು, ರೈಲು ಹಿಡಿಯಬೇಕು, ಬೆಂಗಳೂರಿನಿಂದ ಶ್ರೀನಗರದ ವಿಮಾನ ಹತ್ತಬೇಕು. ಕೈಯಲ್ಲಿರೋದು ಒಂದೇ ಬೋರ್ಡ್. ಆ ವಾರ ಹಿಮ ಹೇಗೇ ಇರಲಿ, ಅದರ ಮೇಲೇ ಇಳಿಯಬೇಕು.

ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವರ್ಷಕ್ಕೆ ಒಂದು ವಾರ, ಹತ್ತು ದಿನ ಹೋಗುವವರಿಗೆ ಅಪ್ಪಟ ಪೌಡರ್ ಬೋರ್ಡ್ ಬೇಡ. ಮೂಗು (ಮುಂದಿನ ತುದಿ) ಎದ್ದಿರಬೇಕು, ಕಾಲಿನ ಕೆಳಗೆ ಕ್ಯಾಂಬರ್ (ನಡುವೆ ಮೇಲಕ್ಕೆ ಎದ್ದ ಬಾಗು) ಇರಬೇಕು, ಬಾಲ (ಹಿಂದಿನ ತುದಿ) ಮೂಗಿಗಿಂತ ತುಸು ಕಿರಿದಾಗಿರಬೇಕು. ಅಂಥ ನಡು ಜಾತಿಯ ಫ್ರೀರೈಡ್ ಬೋರ್ಡೇ, ಅಂದರೆ ಬೆಟ್ಟದ ಎಲ್ಲ ಬಗೆಯ ಹಿಮದಲ್ಲೂ ಇಳಿಯಲು ಮಾಡಿದ್ದೇ, ನಮಗೆ ಸರಿ. ಇದಕ್ಕೆ ಕಾರಣ ಏನು, ಯಾರಿಗೆ ಇದು ಹೊಂದೋದಿಲ್ಲ ಅನ್ನೋದೇ ಮುಂದಿನ ಮಾತು. ಕಡಿದಾದ ಇಳಿಜಾರಿನಲ್ಲಿ ಎರಡೂ ಅಂಚಿನ ಮೇಲೆ ಧೈರ್ಯವಾಗಿ ತಿರುಗುವವರಿಗೆ, ಪಿಸ್ಟ್ (ಯಂತ್ರದಿಂದ ಸಮ ಮಾಡಿದ ಹಾದಿ) ಬಿಟ್ಟು ಹೊರಗೆ ಇಳಿದು ಅಭ್ಯಾಸ ಇರುವವರಿಗೆ ಬರೆದದ್ದು ಇದು. ಇನ್ನೂ ಕಲಿಯುತ್ತಿರುವವರು ಗುಲ್ಮರ್ಗದಲ್ಲೇ ಬಾಡಿಗೆಗೆ ಮೆತ್ತನೆಯ ಬೋರ್ಡ್ ತೆಗೆದುಕೊಳ್ಳಿ, ಅಷ್ಟು ಸಾಕು.

ಅಲ್ಲಿನ ವಾರ ಹೇಗಿರುತ್ತದೆ

ಬೋರ್ಡ್ ಆರಿಸುವ ಮೊದಲು ಗುಲ್ಮರ್ಗವನ್ನು ಸರಿಯಾಗಿ ನೋಡಬೇಕು. ಊರು ಇರೋದು ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾದ (ತಂತಿಯಲ್ಲಿ ತೂಗಿ ಸಾಗುವ ಪೆಟ್ಟಿಗೆಗಳ) ಮೊದಲ ಹಂತ ನಡುವಿನ ನಿಲ್ದಾಣ ಕೊಂಗ್ಡೂರಿಗೆ ಒಯ್ಯುತ್ತದೆ. ಎರಡನೇ ಹಂತ ಅಫರ್ವಾಟ್ ಬೆಟ್ಟದ ಏಣಿನ (ನೆತ್ತಿಯ ಉದ್ದ ಸಾಲಿನ) ಹತ್ತಿರ, ಸುಮಾರು 3,950 ಮೀಟರ್‌ಗೆ. ಅಲ್ಲಿಂದ ಊರಿಗೆ ಇಳಿದರೆ 1,300 ಮೀಟರ್ ಇಳಿಜಾರು ಸಿಗುತ್ತದೆ. ಇಷ್ಟು ಎತ್ತರದ ಗೊಂಡೋಲಾ ಇರುವ ಸ್ಕೀ ತಾಣ ಜಗತ್ತಿನಲ್ಲೇ ಅಪರೂಪ.

ಇಲ್ಲಿ ಹಿಮ ದಿನಾಲೂ ಒಂದಿಷ್ಟು ಬೀಳುವ ಪೈಕಿ ಅಲ್ಲ. ಪಶ್ಚಿಮದ ಕಡೆಯಿಂದ ಗಾಳಿಮಳೆಯ ಹೊಡೆತ ಬಂದಾಗ ಒಂದೆರಡು ದಿನ ಭರ್ತಿ ಸುರಿಯುತ್ತದೆ. ಆಮೇಲೆ ಬಿಸಿಲು, ಚಳಿ. ಮುಂದಿನ ಹೊಡೆತಕ್ಕೆ ಎಷ್ಟೋ ದಿನ ಕಾಯಬೇಕು. ಸುರಿಯುವಾಗ ಮತ್ತು ಸುರಿದ ಮೇಲೆ ಎರಡನೇ ಹಂತವನ್ನು ಮುಚ್ಚುತ್ತಾರೆ. ಹಿಮಕುಸಿತದ ಅಪಾಯ ಇಳಿಸುವ ಕೆಲಸ ಮುಗಿಯುವ ತನಕ ಮೇಲೆ ಬಿಡುವುದಿಲ್ಲ. ಆ ಹೊತ್ತಿನಲ್ಲಿ ಎಲ್ಲರೂ ಮೊದಲ ಹಂತದ ಕೆಳಗಿನ ಫರ್ ಮರಗಳ ನಡುವೆ ಆಡುತ್ತಾರೆ. ತೊಡೆಮಟ್ಟದ ಹಿಮ, ಒತ್ತೊತ್ತಾದ ಮರ, ಹತ್ತಡಿಗೊಂದು ತಿರುವು.

ಆಮೇಲೆ ಎರಡನೇ ಹಂತ ತೆರೆಯುತ್ತದೆ. ಮೊದಲ ದಿನ ಸ್ವರ್ಗ. ಸಂಜೆಯೊಳಗೆ ಮುಖ್ಯ ಬೋಗುಣಿಯ (ಬಟ್ಟಲಿನಂತೆ ತಗ್ಗಾದ ದೊಡ್ಡ ಇಳಿಜಾರಿನ) ತುಂಬಾ ಗೆರೆಗಳು. ಎರಡನೇ ದಿನಕ್ಕೆ ಅದು ಉತ್ತು ಬಿಟ್ಟ ಎರೆ ಹೊಲದ ಹಾಗೆ ಹೆಂಟೆ ಹೆಂಟೆ. ಮೂರನೇ ದಿನ ಏಣಿನ ಮೇಲೆ ಗಾಳಿ ಬಡಿದು ಹಿಮ ಬಿಗಿಯಾಗುತ್ತದೆ. ಮುಟ್ಟದ ಹಿಮ ಬೇಕು ಅಂದರೆ ಏಣಿನುದ್ದಕ್ಕೂ ಅಡ್ಡ ಹಾಯ್ದು ದೂರ ಹೋಗಬೇಕು. ಒಂದು ವಾರದಲ್ಲಿ ಈ ನಾಲ್ಕೂ ಬಗೆ ಸಿಗುತ್ತವೆ ಅಂದುಕೊಳ್ಳಿ. ಆಳದ ಹಿಮ ಅದರಲ್ಲಿ ಒಂದು ಪಾಲು ಅಷ್ಟೇ.

ಕೆಲವು ವರ್ಷ ಅದೂ ಇರುವುದಿಲ್ಲ. 2024ರ ಜನವರಿ ಮಧ್ಯದಲ್ಲಿ ಗುಲ್ಮರ್ಗದ ಇಳಿಜಾರು ಹೆಚ್ಚುಕಡಿಮೆ ಬೋಳಾಗಿತ್ತು. 2025ರಲ್ಲಿ ಹಿಮ ಸಾಲದೆ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಗುಲ್ಮರ್ಗ ಪಾಲನ್ನು ಫೆಬ್ರವರಿಯಿಂದ ಮಾರ್ಚ್‌ಗೆ ಹಾಕಿದರು. ಆರು ತಿಂಗಳ ಮೊದಲೇ ಟಿಕೆಟ್ ಮಾಡಿಸುವ ನಮಗೆ ಇದು ಸಣ್ಣ ವಿಷಯ ಅಲ್ಲ. ಹಿಮ ಕಡಿಮೆ ಇರುವ ವಾರಕ್ಕೂ ಬೋರ್ಡ್ ಉಪಯೋಗಕ್ಕೆ ಬರಬೇಕು ಅಲ್ವಾ?

ಬಾಲ ಸೀಳಿದ ಬೋರ್ಡ್

ಇದನ್ನು ನೋಡಿದರೆ ಯಾರಿಗಾದರೂ ಆಸೆ ಆಗುತ್ತದೆ. ಅಗಲವಾದ ಮೂಗು, ಮೀನಿನ ಬಾಲದಂತೆ ಎರಡಾಗಿ ಸೀಳಿದ ಹಿಂಭಾಗ. ಜೋನ್ಸ್ ಕಂಪನಿಯ ಸ್ಟಾರ್ಮ್ ಚೇಸರ್ ಈ ಜಾತಿಯದು. ಸರ್ಫ್‌ಬೋರ್ಡ್ ಮಾಡುವ ಕ್ರಿಸ್ ಕ್ರಿಸ್ಟೆನ್ಸನ್ ಜೊತೆ ಸೇರಿ ಅದರ ಆಕಾರ ಮಾಡಿದ್ದು. ಬರ್ಟನ್ ಕಂಪನಿಯ ಫಿಶ್ ಇನ್ನೂ ಹಳೆಯ ಹೆಸರು.

ಕೆಲಸ ಹೀಗೆ: ಬಾಲದ ಕಡೆ ತೇಲಲು ಬೇಕಾದ ಜಾಗ ಕಡಿಮೆ. ಆದ್ದರಿಂದ ಬಾಲ ತಾನಾಗಿ ಹಿಮದೊಳಗೆ ಇಳಿಯುತ್ತದೆ, ಮೂಗು ತಾನಾಗಿ ಮೇಲೇಳುತ್ತದೆ. ನೀವು ಹಿಂದಿನ ಕಾಲಿನ ಮೇಲೆ ಕೂತು ಮೂಗನ್ನು ಎಳೆದು ಹಿಡಿಯುವ ಕಷ್ಟ ಇಲ್ಲ. ಮಾಮೂಲಿ ಬೋರ್ಡ್‌ನಲ್ಲಿ ಆಳದ ಹಿಮದಲ್ಲಿ ಅರ್ಧ ದಿನ ಇಳಿದವರಿಗೆ ಹಿಂದಿನ ತೊಡೆ ಹೇಗೆ ಉರಿಯುತ್ತದೆ ಅಂತ ಗೊತ್ತು. ಇದರಲ್ಲಿ ಆ ಉರಿ ಬಹಳ ಕಡಿಮೆ.

ನಮ್ಮ ಗುಂಪಿನಲ್ಲಿ ಗಂಗಾವತಿಯ ಗೆಳೆಯನೊಬ್ಬನ ಹತ್ತಿರ ಇಂಥದ್ದು ಇದೆ. ಸುರಿಯುವ ದಿನ ಮರಗಳ ನಡುವೆ ಅವನ ಹಿಂದೆ ಹೋಗಬೇಕು, ನೋಡೋದೇ ಒಂದು ಖುಷಿ. ಸೊಂಟ ತಿರುಗಿಸಿದರೆ ಸಾಕು, ಬೋರ್ಡ್ ತಿರುಗಿರುತ್ತದೆ. ಮರದ ಬುಡದ ಗುಂಡಿಯ ಅಂಚಿನಲ್ಲಿ ಒಂದು ಅಡಿ ಜಾಗ ಇದ್ದರೂ ನುಗ್ಗಿ ಹೋಗುತ್ತಾನೆ. ಅದೇ ಗೆಳೆಯ ನಾಲ್ಕನೇ ದಿನ ಗಾಳಿ ಬಡಿದ ಏಣಿನ ಮೇಲೆ ಅಡ್ಡ ಹಾಯುವಾಗ ಒದ್ದಾಡುತ್ತಾನೆ. ಹಿಮ್ಮಡಿ ಅಂಚಿನ ಮೇಲೆ ನಿಂತರೆ ಬಾಲ ಹಿಡಿಯೋದಿಲ್ಲ, ಜಾರಿ ಕೆಳಕ್ಕೆ ಹೋಗುತ್ತದೆ. ಉಳಿದವರು ಎತ್ತರ ಉಳಿಸಿಕೊಂಡು ಮುಂದೆ ಹೋಗಿರುತ್ತಾರೆ, ಅವನು ಕೆಳಗಿನಿಂದ ಬೋರ್ಡ್ ಬಿಚ್ಚಿ ನಡೆದು ಬರುತ್ತಾನೆ.

ಇನ್ನೊಂದು ವಿಷಯ. ಬಂಡೆ ಮೇಲಿಂದ ಹಾರಿ ಇಳಿಯುವವರು ನೀವಾದರೆ, ಹಿಂದಕ್ಕೆ ಭಾರ ಬಿದ್ದಾಗ ತಡೆಯಲು ಈ ಬಾಲದಲ್ಲಿ ಶಕ್ತಿ ಕಡಿಮೆ. ಹಿಂದುಮುಂದಾಗಿ ಇಳಿಯೋದಂತೂ ಮರೆತುಬಿಡಿ. ಮನೆಯಲ್ಲಿ ಈಗಾಗಲೇ ಒಂದು ಒಳ್ಳೆಯ ಫ್ರೀರೈಡ್ ಬೋರ್ಡ್ ಇದ್ದು, ಎರಡು ಬೋರ್ಡ್ ಒಯ್ಯುವ ಅನುಕೂಲ ಇದ್ದರೆ ಮಾತ್ರ ಇದನ್ನು ತೆಗೆದುಕೊಳ್ಳಿ.

ಗಿಡ್ಡ, ಅಗಲದ ಬೋರ್ಡ್

ಉದ್ದದಲ್ಲಿ ಐದಾರು ಸೆಂಟಿಮೀಟರ್ ಕಡಿಮೆ ಮಾಡಿ, ಆ ಜಾಗವನ್ನು ಅಗಲಕ್ಕೆ ಕೊಟ್ಟರೆ ತೇಲುವ ಶಕ್ತಿ ಹಾಗೇ ಉಳಿಯುತ್ತದೆ, ತಿರುಗಿಸೋದು ಸುಲಭವಾಗುತ್ತದೆ. ಲಿಬ್ ಟೆಕ್ ಕಂಪನಿಯ ಆರ್ಕಾ ಈ ಬಗೆಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು. 159 ಸೆಂಟಿಮೀಟರ್ ಉದ್ದದ ಬೋರ್ಡ್ ಓಡಿಸುವವರು ಇದರಲ್ಲಿ 153ಕ್ಕೆ ಇಳಿಯಬಹುದು. ಬೋರ್ಡಿನ ಸೊಂಟದ, ಅಂದರೆ ನಡುಭಾಗದ, ಅಗಲ 26 ಸೆಂಟಿಮೀಟರ್ ದಾಟಿರುತ್ತದೆ. ದೊಡ್ಡ ಕಾಲಿನವರಿಗೆ ಇದು ವರ. ಬೆರಳಿನ ತುದಿ ಹಿಮಕ್ಕೆ ತಾಗಿ ಅಂಚು ಎದ್ದುಹೋಗುವ ತೊಂದರೆ ಇರುವುದಿಲ್ಲ.

ಗಿಡ್ಡ ಇದ್ದರೆ ನಮ್ಮಂಥ ಪ್ರಯಾಣಿಕರಿಗೆ ಇನ್ನೂ ಒಂದು ಲಾಭ ಇದೆ. ಹಂಪಿ ಎಕ್ಸ್‌ಪ್ರೆಸ್‌ನ ಕೆಳಗಿನ ಬರ್ತಿನ ಅಡಿಗೆ ಸುಲಭವಾಗಿ ಹೋಗುತ್ತದೆ. ಶ್ರೀನಗರದಿಂದ ಟ್ಯಾಂಗ್‌ಮಾರ್ಗ್‌ಗೆ ಹೋಗುವ ಜೀಪಿನಲ್ಲೂ ಮೇಲೆ ಕಟ್ಟದೆ ಒಳಗೇ ಇಟ್ಟುಕೊಳ್ಳಬಹುದು.

ಆದರೆ ಈ ಆಕಾರದ ಹುಟ್ಟು ಎಲ್ಲಿ ಅಂತ ನೋಡಬೇಕು. ಸರ್ಫಿಂಗ್ ರೀತಿಯ ಬೋರ್ಡ್‌ಗಳನ್ನು ಬೆಳೆಸಿದ್ದು ಜಪಾನಿನ ಹೊಕ್ಕೈಡೊ. ಅಲ್ಲಿನ ನಿಸೆಕೊದಲ್ಲಿ ತಾರೊ ತಮಾಯ್ 1998ರಲ್ಲಿ ಶುರು ಮಾಡಿದ ಜೆಂಟೆಮ್‌ಸ್ಟಿಕ್ ಈ ದಾರಿ ಹಾಕಿಕೊಟ್ಟಿತು. ನಿಸೆಕೊ ಬೆಟ್ಟದ ತುದಿಯೇ 1,308 ಮೀಟರ್. ಗುಲ್ಮರ್ಗದ ಊರಿನ ಅರ್ಧ ಎತ್ತರಕ್ಕಿಂತ ಕಡಿಮೆ. ಅಲ್ಲಿ ಇಳಿಜಾರು ಹದವಾಗಿದೆ, ಮರಗಳು ಬಿಡಿಬಿಡಿಯಾಗಿವೆ, ಚಳಿಗಾಲ ಪೂರ್ತಿ ಹಿಮ ಬೀಳುತ್ತಲೇ ಇರುತ್ತದೆ. ನಿನ್ನೆಯ ಗೆರೆ ಇವತ್ತು ಮುಚ್ಚಿಹೋಗಿರುತ್ತದೆ. ಅಂಥ ಜಾಗಕ್ಕೆ ಅಗಲದ ಗಿಡ್ಡ ಬೋರ್ಡ್ ಹೇಳಿ ಮಾಡಿಸಿದ್ದು.

ಅಫರ್ವಾಟ್‌ನ ದೊಡ್ಡ ಬೋಗುಣಿಯಲ್ಲಿ ವೇಗ ಏರುತ್ತದೆ. ಅಲ್ಲಿ ಹೆಂಟೆ ಹಿಮದ ಮೇಲೆ ಗಿಡ್ಡ ಬೋರ್ಡ್ ಕುಣಿಯುತ್ತದೆ. ಮುಂದೆ ಮೂಗು ಕಡಿಮೆ ಉದ್ದ, ಹಿಮ ಕಡಿಯುವ ಅಂಚೂ ಕಡಿಮೆ. ಬಿಗಿ ಹಿಮದಲ್ಲಿ ಒಂದು ಅಂಚಿನಿಂದ ಇನ್ನೊಂದಕ್ಕೆ ದಾಟಲು ಅಗಲದ ಬೋರ್ಡ್ ಒಂದು ಕ್ಷಣ ತಡ ಮಾಡುತ್ತದೆ. ಆರ್ಕಾದ ಅಂಚು ಅಲೆಅಲೆಯಾಗಿದೆ. ಗಟ್ಟಿ ಹಿಮದಲ್ಲಿ ಅದು ಹಿಡಿತ ಕೊಡುವುದು ನಿಜ, ಹಾಗಾಗಿ ಇದು ಸೀಳುಬಾಲದ ಬೋರ್ಡ್‌ಗಿಂತ ಎಷ್ಟೋ ವಾಸಿ. ಮರಗಳೇ ನಿಮ್ಮ ಪ್ರೀತಿ, ವೇಗದ ಹುಚ್ಚು ಇಲ್ಲ, ಕಾಲಿನ ಸೈಜ್ ಹತ್ತು ಅಂದರೆ ಯೋಚನೆ ಮಾಡದೆ ಇದನ್ನೇ ಆರಿಸಿ.

ಉದ್ದದ ಗಟ್ಟಿ ಫ್ರೀರೈಡ್ ಬೋರ್ಡ್

ಜೋನ್ಸ್ ಫ್ಲ್ಯಾಗ್‌ಶಿಪ್ ಈ ಜಾತಿಯ ಮುಂದಾಳು. ಬರ್ಟನ್ ಫ್ಲೈಟ್ ಅಟೆಂಡೆಂಟ್ ಅದೇ ಕುಲದ ಸ್ವಲ್ಪ ಮೃದು ಸ್ವಭಾವದ್ದು. ಎರಡರಲ್ಲೂ ಮೂಗು ಮೇಲೆದ್ದಿರುತ್ತದೆ, ಕಾಲಡಿ ಕ್ಯಾಂಬರ್ ಇರುತ್ತದೆ, ನಿಲ್ಲುವ ಜಾಗ ನಡುವಿನಿಂದ ಎರಡು ಸೆಂಟಿಮೀಟರ್ ಆಸುಪಾಸು ಹಿಂದಕ್ಕಿರುತ್ತದೆ. ಟೇಪರ್, ಅಂದರೆ ಮೂಗಿನ ಮತ್ತು ಬಾಲದ ಅಗಲದ ವ್ಯತ್ಯಾಸ, ಈ ಜಾತಿಯಲ್ಲಿ ಹೆಚ್ಚೆಂದರೆ ಹತ್ತು ಮಿಲಿಮೀಟರ್ ಅಕ್ಕಪಕ್ಕ.

ಹೆಂಟೆ ಹಿಮದ ದಿನ ಇಂಥ ಬೋರ್ಡ್ ಬೆಲೆ ತಿಳಿಯುತ್ತದೆ. ಬೇರೆಯವರು ಮೊಣಕಾಲು ಮಡಚಿ ಒಂದೊಂದು ಗಡ್ಡೆಯನ್ನೂ ದಾಟುವಾಗ ಇದು ಅವನ್ನೆಲ್ಲ ಸೀಳಿಕೊಂಡು ನೆಟ್ಟಗೆ ಹೋಗುತ್ತದೆ. ಏಣಿನ ಬಿಗಿ ಹಿಮದಲ್ಲಿ ಅಂಚು ಇಟ್ಟಲ್ಲಿ ನಿಲ್ಲುತ್ತದೆ. ಬಂಡೆಯಿಂದ ಹಾರಿದರೆ ಬಾಲ ಎತ್ತಿ ಹಿಡಿಯುತ್ತದೆ.

ಇದರ ಮೇಲಿನ ನನ್ನ ತಕರಾರು ಬೋರ್ಡಿನದಲ್ಲ, ನಮ್ಮ ಮೈಯದು. ಬಳ್ಳಾರಿ ಸಮುದ್ರಮಟ್ಟದಿಂದ 500 ಮೀಟರ್ ಕೂಡ ಇಲ್ಲ. ಅಲ್ಲಿಂದ ಎರಡು ದಿನದೊಳಗೆ 3,950 ಮೀಟರ್ ಮೇಲೆ ನಿಂತರೆ, ಉಸಿರಿಗೆ ಸಿಗುವ ಆಮ್ಲಜನಕ ಮನೆಯಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಷ್ಟೇ. ಗಟ್ಟಿ ಬೋರ್ಡ್ ಬಾಗಬೇಕಾದರೆ ಕಾಲು ದುಡಿಯಬೇಕು. ಬೆಳಿಗ್ಗೆ ಮೂರು ಇಳಿತ ಚೆನ್ನಾಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ತೊಡೆ ಸೋತು, ಬೋರ್ಡ್ ನಿಮ್ಮನ್ನು ಓಡಿಸಲು ಶುರು ಮಾಡುತ್ತದೆ. ಕೊಂಗ್ಡೂರಿಯ ಕೆಳಗಿನ ಮರಗಳ ನಡುವೆ ಸೋತ ಕಾಲು, ಗಟ್ಟಿ ಬೋರ್ಡ್ ಎರಡೂ ಸೇರಿದರೆ ಒಳ್ಳೆಯದಲ್ಲ. ಅಂಜನಾದ್ರಿಯ 575 ಮೆಟ್ಟಿಲು ವಾರಕ್ಕೆ ಮೂರು ಸಲ ಹತ್ತಿ ಇಳಿಯುವಂಥ ತಯಾರಿ ಇದ್ದವರಿಗೆ ಈ ಮಾತು ಬೇಡ. ಹತ್ತೋದಕ್ಕಿಂತ ಇಳಿಯೋದೇ ಇದಕ್ಕೆ ಒಳ್ಳೆಯ ಕಸರತ್ತು, ಅದನ್ನು ನೆನಪಿಡಿ.

85 ಕೆ.ಜಿ. ಮೇಲಿನ ತೂಕದವರು, ವೇಗ ಇಷ್ಟಪಡುವವರು, ಮರಕ್ಕಿಂತ ಬಯಲು ಬೋಗುಣಿ ಬೇಕು ಅನ್ನುವವರು ಫ್ಲ್ಯಾಗ್‌ಶಿಪ್ ತರಹದ್ದನ್ನೇ ತೆಗೆದುಕೊಳ್ಳಿ. ಈ ಜಾತಿಯೇ ಬೇಕು ಅನ್ನುವ ಉಳಿದವರಿಗೆ ಫ್ಲೈಟ್ ಅಟೆಂಡೆಂಟ್ ಸಾಕು.

ನಡು ಜಾತಿ

ಇದೇ ನನ್ನ ಆಯ್ಕೆ. ಜೋನ್ಸ್ ಹೋವರ್‌ಕ್ರಾಫ್ಟ್ ಇದಕ್ಕೆ ಒಳ್ಳೆಯ ಉದಾಹರಣೆ: ಮೊಂಡು ಮೂಗು, ಕಾಲಡಿ ಕ್ಯಾಂಬರ್, ಸೀಳುಬಾಲದಷ್ಟು ಅತಿ ಅಲ್ಲದ ಟೇಪರ್, ಮಾಮೂಲಿಗಿಂತ ಎರಡು ಮೂರು ಸೆಂಟಿಮೀಟರ್ ಗಿಡ್ಡ. ಕೋರುವಾ ಕಂಪನಿಯ ಬೋರ್ಡ್‌ಗಳಲ್ಲೂ ಈ ಬಗೆಯವು ಇವೆ. ಹೆಸರಿಗಿಂತ ಲಕ್ಷಣ ನೋಡಿ. ಪ್ರತಿ ವರ್ಷ ಕಂಪನಿಗಳು ಹೆಸರು ಬದಲಿಸುತ್ತವೆ, ಆಕಾರ ತಿದ್ದುತ್ತವೆ. ಲಕ್ಷಣ ಬಲ್ಲವರು ಯಾವ ಅಂಗಡಿಯಲ್ಲೂ ಬೋರ್ಡ್ ಆರಿಸಬಹುದು.

ಮೊದಲ ಲಕ್ಷಣ ಬೆನ್ನಿನ ಬಾಗು. ಬೋರ್ಡನ್ನು ಸಮ ನೆಲದ ಮೇಲೆ ಇಟ್ಟು ಪಕ್ಕದಿಂದ ಕಣ್ಣು ಹಾಯಿಸಿ. ಎರಡು ಕಾಲಿನ ನಡುವೆ ನೆಲಕ್ಕೂ ಬೋರ್ಡಿಗೂ ಸಣ್ಣ ಸಂದಿ ಕಾಣಬೇಕು. ಅದೇ ಕ್ಯಾಂಬರ್. ನೀವು ಮೇಲೆ ನಿಂತಾಗ ಆ ಬಾಗು ಒತ್ತಿ, ಅಂಚಿನ ಉದ್ದಕ್ಕೂ ಭಾರ ಹಂಚುತ್ತದೆ. ಮುಂದಿನ ಕಾಲು ದಾಟಿದ ಮೇಲೆ ಮೂಗು ನಿಧಾನವಾಗಿ, ಉದ್ದಕ್ಕೆ ಏಳುತ್ತಾ ಹೋಗಬೇಕು. ತುದಿಯಲ್ಲಿ ಥಟ್ಟನೆ ಮೇಲೆದ್ದಿದ್ದರೆ ಅದು ಪಿಸ್ಟ್ ಬೋರ್ಡ್. ಇಡೀ ಬೋರ್ಡೇ ತೊಟ್ಟಿಲಿನ ಅಡಿಯ ರೀತಿ ಬಾಗಿದ್ದರೆ ಅದು ಪೂರ್ತಿ ರಾಕರ್. ಆಳದ ಹಿಮದಲ್ಲಿ ತೇಲುತ್ತದೆ, ಗಾಳಿ ಬಡಿದ ಏಣಿನಲ್ಲಿ ಕೈ ಕೊಡುತ್ತದೆ. ಗುಲ್ಮರ್ಗಕ್ಕೆ ಅದನ್ನು ನಾನು ಯಾರಿಗೂ ಹೇಳುವುದಿಲ್ಲ.

ಎರಡನೆಯದು ಟೇಪರ್. ಹತ್ತರಿಂದ ಹದಿನೆಂಟು ಮಿಲಿಮೀಟರ್ ನಡುವೆ ಇದ್ದರೆ ಒಳ್ಳೆಯದು. ಅದಕ್ಕಿಂತ ಕಡಿಮೆ ಆದರೆ ಆಳದ ದಿನ ಹಿಂದಿನ ಕಾಲಿಗೆ ಕೆಲಸ ಜಾಸ್ತಿ. ಅದಕ್ಕಿಂತ ಹೆಚ್ಚಾದರೆ ತಿರುವಿನ ಕೊನೆಯಲ್ಲಿ ಬಾಲ ಬಿಟ್ಟುಕೊಡುತ್ತದೆ.

ಮೂರನೆಯದು ಬಿಗಿ. ಹತ್ತಕ್ಕೆ ಆರು ಅಥವಾ ಏಳು ಅಂತ ಕಂಪನಿ ಹೇಳಿದರೆ ಸಾಕು. ಆದರೆ ಒಂದೊಂದು ಕಂಪನಿಯ ಅಂಕಿ ಒಂದೊಂದು ತರಹ, ಆದ್ದರಿಂದ ಅಂಗಡಿಯಲ್ಲಿದ್ದರೆ ಕೈಯಿಂದ ಬಗ್ಗಿಸಿ ನೋಡಿ. ಬಾಲವನ್ನು ನೆಲಕ್ಕೆ ಊರಿ, ನಡುವನ್ನು ಒತ್ತಿ. ಬಾಲದ ಕಡೆ ಮೂಗಿಗಿಂತ ಬಿಗಿ ಇರಬೇಕು.

ಪಾಯ, ಅಂದರೆ ಹಿಮಕ್ಕೆ ತಾಗುವ ಅಡಿಯ ಪದರ, ಯಾವುದು ಅನ್ನೋದನ್ನೂ ಕೇಳಿ. ಸಿಂಟರ್ಡ್ ಪಾಯ ಮೇಣ ಹೀರುತ್ತದೆ, ವೇಗ ಕೊಡುತ್ತದೆ. ಎಕ್ಸ್‌ಟ್ರೂಡೆಡ್ ಅಗ್ಗ, ನಿಧಾನ. ಗುಲ್ಮರ್ಗದಲ್ಲಿ ಇದು ಕೇವಲ ಶೋಕಿಯಲ್ಲ. ಕೊಂಗ್ಡೂರಿಗೆ ಬರುವ ದಾರಿಯಲ್ಲಿ, ಊರಿನ ಬಟ್ಟಲಿನಲ್ಲಿ ಸಪಾಟು ಜಾಗಗಳಿವೆ. ಸ್ಕೀ ಹಾಕಿದವರು ಕೋಲು ಊರಿ ಹೋಗಿಬಿಡುತ್ತಾರೆ. ನಾವು ವೇಗ ಕಳೆದುಕೊಂಡರೆ ಒಂದು ಕಾಲು ಬಿಚ್ಚಿ ತಳ್ಳಬೇಕು. ಡಿಸೆಂಬರ್ 21ರಿಂದ 40 ದಿನ ಕಾಶ್ಮೀರದವರು ಚಿಲ್ಲಾಯ್ ಕಲಾನ್ ಅನ್ನುವ ಕಡುಚಳಿ. ಆಗ ಹಿಮದ ಹರಳು ಚೂಪಾಗಿ, ಒಣಗಿ, ಪಾಯವನ್ನು ಮರಳಿನಂತೆ ಎಳೆಯುತ್ತದೆ. ಕಡುಚಳಿಯ ಗಟ್ಟಿ ಮೇಣ ಹಚ್ಚದೆ ಹೋಗಬೇಡಿ.

ಸ್ಪ್ಲಿಟ್‌ಬೋರ್ಡ್ ಬೇಕಾ?

ಎರಡು ಹೋಳಾಗಿ ಬಿಚ್ಚಿ, ಅಡಿಗೆ ಸ್ಕಿನ್ ಅನ್ನುವ ರೋಮದಂಥ ಪಟ್ಟಿ ಅಂಟಿಸಿ ಬೆಟ್ಟ ಹತ್ತುವ ಬೋರ್ಡ್ ಇದು. ಗೊಂಡೋಲಾ ಇರುವ ಜಾಗಕ್ಕೆ ಬೇಡ. ತೂಕ ಜಾಸ್ತಿ, ಬೆಲೆ ಜಾಸ್ತಿ, ಇಳಿಯುವಾಗ ಒಂದೇ ಹಲಗೆಯ ಬಿಗಿ ಸಿಗೋದಿಲ್ಲ. ಸೋನಮರ್ಗದಂಥ ಕಡೆ ಗೈಡ್ ಜೊತೆ ಹೋಗುವ ಯೋಜನೆ ಇದ್ದವರು ಮಾತ್ರ ನೋಡಿ. ಸ್ಕಿನ್ ಪಟ್ಟಿಯ ಅಂಟು ನಮ್ಮ ಏಪ್ರಿಲ್ ಬಿಸಿಲಿಗೆ ಕರಗಿ ಬಳಬಳ ಆಗುತ್ತದೆ. ಮನೆಯಲ್ಲಿ ತಂಪಾದ ಜಾಗ ಇಲ್ಲದಿದ್ದರೆ ಅದೊಂದು ತಲೆನೋವು.

ಉದ್ದ, ಅಗಲ, ತೂಕ

ಸಿರುಗುಪ್ಪದ ತಮ್ಮನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ನಾನು 72 ಕೆ.ಜಿ. ಇದೀನಿ. 156 ಸಾಕಲ್ವಾ?"

"ಬರೀ ಮೈ ತೂಕ ಹೇಳ್ಬೇಡಪ್ಪ. ಬೂಟು, ಜಾಕೆಟ್, ಬ್ಯಾಗು ಎಲ್ಲ ಹಾಕ್ಕೊಂಡು ತೂಗಿ ಹೇಳು."

ಅವರ ಮನೆ ಪಕ್ಕದ ಅಕ್ಕಿ ಗಿರಣಿಯಲ್ಲಿ ಚೀಲ ತೂಗುವ ತಕ್ಕಡಿ ಮೇಲೆ ನಿಂತನಂತೆ. ಹೆಲ್ಮೆಟ್, ಬೂಟು, ಸಲಿಕೆ, ಪ್ರೋಬ್ (ಹಿಮದಡಿ ಹೂತವರನ್ನು ಚುಚ್ಚಿ ಹುಡುಕುವ ಉದ್ದ ಕೋಲು), ನೀರಿನ ಬಾಟಲಿ ತುಂಬಿದ ಬ್ಯಾಗ್ ಸಮೇತ. 84 ತೋರಿಸಿತು. ಬೋರ್ಡಿಗೆ ಗೊತ್ತಾಗೋದು ಈ 84 ಮಾತ್ರ. ಕಂಪನಿಯ ತೂಕದ ಪಟ್ಟಿ ನೋಡುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಪಟ್ಟಿಯಲ್ಲಿ ನಿಮ್ಮ ಮೈ ತೂಕ ಒಂದು ಸೈಜಿನ ಮೇಲಿನ ಗಡಿಯಲ್ಲಿ ಬಂದರೆ, ಆಫ್‌ಪಿಸ್ಟ್ ಬ್ಯಾಗ್ ಹೊರುವವರು ಮುಂದಿನ ಸೈಜಿಗೆ ಹೋಗಬೇಕು. ಅವನಿಗೆ ಫ್ರೀರೈಡ್ ಜಾತಿಯಲ್ಲಾದರೆ 159, ನಡು ಜಾತಿಯಲ್ಲಾದರೆ 156 ಅಂತ ಹೇಳಿದೆ.

ಅಗಲಕ್ಕೆ ಬೂಟಿನ ಅಳತೆ ಬೇಕು. ನಮ್ಮ ಚಪ್ಪಲಿ ಅಂಗಡಿಯ ಸೈಜು ಬ್ರಿಟಿಷ್ ಅಳತೆ, ಬೋರ್ಡ್ ಪಟ್ಟಿಗಳಲ್ಲಿ ಇರೋದು ಹೆಚ್ಚಾಗಿ ಅಮೆರಿಕದ್ದು. ಎರಡಕ್ಕೂ ಒಂದು ಅಂಕಿ ವ್ಯತ್ಯಾಸ. ಗೊಂದಲ ಬೇಡ ಅಂದರೆ ಬೂಟಿನ ನಾಲಿಗೆಯ ಮೇಲೆ ಬರೆದ ಮಾಂಡೊ ಅಂಕಿ ನೋಡಿ, ಅದು ಪಾದದ ಸೆಂಟಿಮೀಟರ್ ಉದ್ದ. 27 ಇದ್ದರೆ ಸೊಂಟ 25ರಿಂದ 25.5 ಸೆಂಟಿಮೀಟರ್. 28 ಇದ್ದರೆ ಅದಕ್ಕಿಂತ ಸ್ವಲ್ಪ ಹೆಚ್ಚು. 29 ಮತ್ತು ಮೇಲೆ ಇದ್ದರೆ 26 ದಾಟಲೇಬೇಕು. ಬೂಟು ಅಂಚಿನಾಚೆ ಎರಡೂ ಕಡೆ ಒಂದೊಂದು ಬೆರಳಗಲ ಚಾಚಿದರೆ ತೊಂದರೆ ಇಲ್ಲ. ಅದಕ್ಕಿಂತ ಹೆಚ್ಚು ಚಾಚಿದರೆ ಕಡಿದಾದ ಕಡೆ ಬೂಟು ಹಿಮಕ್ಕೆ ಗೀರುತ್ತದೆ.

ಹೆಣ್ಣುಮಕ್ಕಳಿಗೆ ಅಂತ ಮಾಡುವ ಬೋರ್ಡ್‌ಗಳಲ್ಲಿ ಸೊಂಟ ಕಿರಿದು, ಬಿಗಿ ಕಡಿಮೆ. ಬೂಟು 25 ಮಾಂಡೊ ಒಳಗಿದ್ದರೆ ಅದನ್ನೇ ಆರಿಸಿ. ಗಂಡಸರ ಬೋರ್ಡಿನ ಗಿಡ್ಡ ಸೈಜು ತೆಗೆದುಕೊಂಡರೆ ಅಗಲ ಹೆಚ್ಚಾಗಿ ಅಂಚು ಬದಲಿಸುವುದು ಕಷ್ಟ.

ಬೈಂಡಿಂಗ್ (ಬೂಟನ್ನು ಬೋರ್ಡಿಗೆ ಬಿಗಿಯುವ ಪಟ್ಟಿ) ಹಾಕುವಾಗ ಒಂದು ಮಾತು. ಆಳದ ದಿನ ಎರಡನ್ನೂ ಒಂದು ತೂತು ಹಿಂದಕ್ಕೆ ಹಾಕಿ. ಹೆಂಟೆ ಹಿಮದ ದಿನ ಮತ್ತೆ ಕಂಪನಿ ಗುರುತು ಮಾಡಿದ ಜಾಗಕ್ಕೆ ತನ್ನಿ. ಹೋಟೆಲ್ ರೂಮಿನಲ್ಲಿ ಐದು ನಿಮಿಷದ ಕೆಲಸ. ಒಂದೇ ಬೋರ್ಡ್ ಇರುವವರಿಗೆ ಎರಡು ಬೋರ್ಡ್ ಸಿಕ್ಕ ಲೆಕ್ಕ.

ಬೋರ್ಡ್‌ಗಿಂತ ಮೊದಲು

ದುಡ್ಡು ಕಡಿಮೆ ಬಿದ್ದರೆ ಬೋರ್ಡ್ ಹಳೆಯದು ತೆಗೆದುಕೊಳ್ಳಿ, ಹಿಮಕುಸಿತದ ಸಾಮಾನು ಹೊಸದೇ ಬೇಕು. 457 ಕಿಲೊಹರ್ಟ್ಸ್‌ನ ಟ್ರಾನ್ಸೀವರ್ (ಹೂತವರನ್ನು ಹುಡುಕಲು ರೇಡಿಯೋ ಸಂಕೇತ ಕಳಿಸುವ, ಹಿಡಿಯುವ ಸಾಧನ), ಸಲಿಕೆ, ಪ್ರೋಬ್, ಈ ಮೂರೂ ಪ್ರತಿಯೊಬ್ಬರ ಮೈಮೇಲೆ ಇರಬೇಕು. ಗುಂಪಿನಲ್ಲಿ ಒಬ್ಬರ ಹತ್ತಿರ ಇದ್ದರೆ ಪ್ರಯೋಜನ ಇಲ್ಲ. 2023ರ ಫೆಬ್ರವರಿಯಲ್ಲಿ ಅಫರ್ವಾಟ್‌ನ ಹಾಪತ್‌ಖುದ್ ಕಡೆ ಹಿಮ ಕುಸಿದು ಪೋಲೆಂಡಿನ ಇಬ್ಬರು ತೀರಿಕೊಂಡರು. ಮುಖ್ಯ ಬೋಗುಣಿಯ ಆಚೆ ಯಾರೂ ಹಿಮ ಸಡಿಲಿಸಿ ಕೊಡುವುದಿಲ್ಲ. ಗಸ್ತಿನವರು ಬೆಳಿಗ್ಗೆ ಹೇಳುವ ಎಚ್ಚರಿಕೆ ಕೇಳಿಯೇ ಹೋಗಿ. ಒಳ್ಳೆಯ ಪೌಡರ್ ಬೋರ್ಡ್ ನಿಮ್ಮನ್ನು ಸುಲಭವಾಗಿ ದೂರಕ್ಕೆ ಒಯ್ಯುತ್ತದೆ. ಅಲ್ಲಿಂದ ವಾಪಸ್ ಬರುವ ತಯಾರಿ ನಿಮ್ಮದು.

ಒಯ್ಯೋದು, ಇಡೋದು

ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಲಗೇಜ್ ಬಿಡುತ್ತಾರೆ. ಬೋರ್ಡ್ ಸುಮಾರು ಮೂರು ಕೆ.ಜಿ., ಬೈಂಡಿಂಗ್ ಎರಡು, ಬೂಟು ಎರಡರ ಮೇಲೆ. ಚೀಲವೇ ಮೂರು ನಾಲ್ಕು ಕೆ.ಜಿ. ಇದ್ದರೆ ಬಟ್ಟೆಗೆ ಜಾಗ ಎಲ್ಲಿ? ಅದಕ್ಕೇ ಚಕ್ರ ಇರುವ ದೊಡ್ಡ ಚೀಲ ಬೇಡ ಅಂತೀನಿ. ನಮ್ಮ ಗುಂಪಿನವರ ಚೀಲಗಳು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹೊಲಿಸಿದವು. ಜೀನ್ಸ್ ಹೊಲಿಯುವ ಊರಿನಲ್ಲಿ ದಪ್ಪ ಡೆನಿಮ್‌ಗೆ, ಗಟ್ಟಿ ದಾರಕ್ಕೆ ಏನು ಕಮ್ಮಿ? ಮೂಗು ಮತ್ತು ಬಾಲ ಬರುವ ಕಡೆ ಎರಡು ಪದರ ಹಾಕಿಸಬೇಕು. ಡೆನಿಮ್ ನೀರು ಕುಡಿಯುತ್ತದೆ, ಆದ್ದರಿಂದ ಒಳಗೆ ತಾಡಪಾಲಿನ ಅಸ್ತರ್ ಬೇಕು. ಝಿಪ್ಪು ಉದ್ದಕ್ಕೂ ಇರಲಿ, ತುದಿಯಲ್ಲಿ ಮಾತ್ರ ಇದ್ದರೆ ಒಳಗೆ ನುಗ್ಗಿಸುವಾಗ ಅಂಚು ಬಟ್ಟೆ ಕುಯ್ಯುತ್ತದೆ.

ವಾಪಸ್ ಬಂದ ಮೇಲೆ ಹತ್ತು ಹನ್ನೊಂದು ತಿಂಗಳು ಬೋರ್ಡ್ ಬಳ್ಳಾರಿಯಲ್ಲಿ ಇರಬೇಕು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ತಾರಸಿಯ ಕೆಳಗಿನ ಅಟ್ಟ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ಇನ್ನೂ ಬಿಸಿ. ಬೋರ್ಡಿನ ಪದರಗಳನ್ನು ಹಿಡಿದಿಟ್ಟಿರೋದು ಅಂಟು. ಆ ಬಿಸಿಯಲ್ಲಿ ವರ್ಷಗಟ್ಟಲೆ ಬಿದ್ದರೆ ಪದರ ಬಿಡುವ ಅಪಾಯ ಇದೆ. ಮಂಚದ ಕೆಳಗೆ, ಸಪಾಟಾಗಿ ಮಲಗಿಸಿ. ಬೈಂಡಿಂಗ್ ಬಿಚ್ಚಿ. ಅಂಚು ಒರೆಸಿ, ಪಾಯಕ್ಕೂ ಅಂಚಿಗೂ ದಪ್ಪಗೆ ಮೇಣ ಹಚ್ಚಿ, ಕೆರೆಯದೆ ಹಾಗೇ ಬಿಡಿ. ಮೇಲೆ ಹಳೇ ಪಂಚೆ ಸುತ್ತಿ. ಸಂಡೂರು, ತೋರಣಗಲ್ಲು ಕಡೆಯ ಮನೆಗಳಲ್ಲಿ ಕೆಂಪು ಧೂಳು ಎಲ್ಲಿಂದ ಬರುತ್ತದೋ ಗೊತ್ತಾಗೋದಿಲ್ಲ. ಅದು ಮೇಣಕ್ಕೆ ಮೆತ್ತಿಕೊಂಡರೆ ಮುಂದಿನ ಸಲ ಕೆರೆಯುವಾಗ ಪಾಯವನ್ನೇ ಉಜ್ಜುತ್ತದೆ.

ಹಳೆಯದು ಕೊಳ್ಳುವುದಾದರೆ

ನಮ್ಮ ಊರುಗಳಲ್ಲಿ ಇದರ ಅಂಗಡಿ ಇಲ್ಲ. ಹೊರದೇಶದಲ್ಲಿರುವ ನೆಂಟರು ತರಬೇಕು, ಇಲ್ಲವೇ ಸೀಸನ್ ಕೊನೆಗೆ ಗುಲ್ಮರ್ಗದಲ್ಲಿ ಹೊರದೇಶದವರು ಮಾರಿ ಹೋಗುವುದನ್ನು ಹಿಡಿಯಬೇಕು. ಎರಡನೆಯದು ಒಳ್ಳೆಯ ದಾರಿ, ಯಾಕೆಂದರೆ ಆ ಬೋರ್ಡ್ ಆ ಬೆಟ್ಟದಲ್ಲೇ ಇಳಿದಿರುತ್ತದೆ. ಅಂಚಿನ ಉದ್ದಕ್ಕೂ ಬೆರಳು ಹಾಯಿಸಿ, ಎಲ್ಲಾದರೂ ಕಬ್ಬಿಣ ಒಳಗೆ ತಗ್ಗಿದೆಯಾ ನೋಡಿ. ಪಾಯದಲ್ಲಿ ಗೀರು ಇದ್ದರೆ ತುಂಬಿಸಬಹುದು. ಒಳಗಿನ ಮರ ಕಾಣುತ್ತಿದ್ದರೆ, ಅಂಚಿನ ಪಕ್ಕದಲ್ಲಿ ಪಾಯ ಉಬ್ಬಿದ್ದರೆ ಬಿಟ್ಟುಬಿಡಿ. ಬೈಂಡಿಂಗ್ ತೂತುಗಳಲ್ಲಿ ಒಂದೊಂದಕ್ಕೂ ಸ್ಕ್ರೂ ಹಾಕಿ ತಿರುಗಿಸಿ, ಸುಮ್ನೆ ಸುತ್ತುತ್ತಿದ್ದರೆ ಒಳಗಿನ ತಿರುಪಿನ ಗೆರೆ ಸವೆದು ಹೋಗಿದೆ ಅಂತ ಅರ್ಥ.

ಬರ್ಟನ್ ಬೋರ್ಡ್ ಆದರೆ ಹೆಚ್ಚಾಗಿ ತೂತುಗಳ ಬದಲು ಉದ್ದನೆಯ ಚಾನೆಲ್ (ಸೀಳು) ಇರುತ್ತದೆ. ನಿಮ್ಮ ಬೈಂಡಿಂಗ್ ಬೇರೆ ಕಂಪನಿಯದಾದರೆ ಅದರ ಡಿಸ್ಕ್ ಚಾನೆಲ್‌ಗೆ ಕೂರುತ್ತದಾ ಅಂತ ದುಡ್ಡು ಕೊಡುವ ಮೊದಲೇ ಹಾಕಿ ನೋಡಿ. ಚಾನೆಲ್‌ನ ಸ್ಕ್ರೂ, ನಟ್ಟು ಎಲ್ಲ ಜೊತೆಗೆ ಕೇಳಿ ತೆಗೆದುಕೊಳ್ಳಿ. ಉಳಿದ ಬೋರ್ಡ್‌ಗಳಿಗೆ ಆರು ಮಿಲಿಮೀಟರ್ ಸ್ಕ್ರೂ ನಾಲ್ಕು, ವಾಷರ್ ನಾಲ್ಕು ಹೆಚ್ಚಿಗೆ ಚೀಲದಲ್ಲಿರಲಿ. ಉದ್ದ ಸರಿಯಾಗಿರಬೇಕು. ಸಿಕ್ಕ ಸ್ಕ್ರೂ ಉದ್ದವಾಗಿದ್ದರೆ ಬಿಗಿ ಮಾಡುವಾಗ ಪಾಯದ ಕೆಳಗೆ ಉಬ್ಬು ಏಳುತ್ತದೆ.